6502 ಮೈಕ್ರೊಪ್ರೊಸೆಸರ್ ಮತ್ತು ಎಂಟು ಬಿಟ್‌ನ ಗೃಹ ಗಣಕಯಂತ್ರಗಳು

1. ಪೀಠಿಕೆ
ಗಣಕಯಂತ್ರದ ಲೆಕ್ಕಾಚಾರ ಹಾಗೂ ನಿಯಂತ್ರಣ ಕಾರ್ಯಗಳನ್ನು ಒಂದೇ ಚಿಪ್‌ನಲ್ಲಿ ನಿರ್ವಹಿಸುವ ಸಾಧನವನ್ನು ಮೈಕ್ರೊಪ್ರೊಸೆಸರ್ ಎಂದು ಕರೆಯಲಾಗುತ್ತದೆ. ಒಂದು ಬಾರಿಗೆ ಎಂಟು ಬಿಟ್‌ಗಳನ್ನು, ಅಂದರೆ 0 ರಿಂದ 255ರವರೆಗಿನ ಒಂದು ಸಂಖ್ಯೆಯನ್ನು, ಸಂಸ್ಕರಿಸುವ ಚಿಪ್‌ಗಳು ಎಂಟು ಬಿಟ್ ವರ್ಗಕ್ಕೆ ಸೇರುತ್ತವೆ. ಇಂಟೆಲ್ ಸಂಸ್ಥೆಯ 8008 (1972) ಈ ವರ್ಗದ ಆರಂಭಿಕ ಚಿಪ್ ಆಗಿದ್ದು, 1974ರಲ್ಲಿ ಇಂಟೆಲ್ 8080 ಮತ್ತು ಮೊಟೊರೊಲಾ 6800 ಬಿಡುಗಡೆಯಾದವು.

2. ದರದಲ್ಲಿ ಆದ ಬದಲಾವಣೆ
ಮೇಲ್ಕಂಡ ಎರಡೂ ಚಿಪ್‌ಗಳ ಆರಂಭಿಕ ಬಿಡಿ ದರ 360 ಡಾಲರ್‌ಗಳಷ್ಟಿತ್ತು. ಇದರಿಂದಾಗಿ ಸ್ವಂತ ಗಣಕಯಂತ್ರವು ಸಾಮಾನ್ಯ ಕುಟುಂಬಗಳ ಕೈಗೆಟುಕುವಂತಿರಲಿಲ್ಲ. ಚಕ್ ಪೆಡಲ್ ಅವರ ನೇತೃತ್ವದಲ್ಲಿ ಮೊಟೊರೊಲಾ ತೊರೆದ ಎಂಜಿನಿಯರುಗಳು ಮಾಸ್ ಟೆಕ್ನಾಲಜಿ ಸಂಸ್ಥೆಯಲ್ಲಿ 6502 ಚಿಪ್ಪನ್ನು ರೂಪಿಸಿದರು. 1975ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದನ್ನು ಕೇವಲ 25 ಡಾಲರ್‌ಗಳಿಗೆ ಮಾರಾಟ ಮಾಡಲಾಯಿತು. ಚಿಪ್‌ನ ಗಾತ್ರ ಚಿಕ್ಕದಾಗಿದ್ದುದು ಹಾಗೂ ತಯಾರಿಕೆಯಲ್ಲಿ ದೋಷಯುಕ್ತ ಚಿಪ್‌ಗಳ ಪ್ರಮಾಣ ಕಡಿಮೆಯಾದುದು ಇದಕ್ಕೆ ಕಾರಣಗಳಾಗಿವೆ. ತರುವಾಯ ಇತರ ಸಂಸ್ಥೆಗಳೂ ದರ ಇಳಿಸಬೇಕಾಯಿತು.

3. ರಚನೆ
ಸದರಿ ಚಿಪ್‌ನಲ್ಲಿ ಸುಮಾರು 3,500 ಟ್ರಾನ್ಸಿಸ್ಟರ್‌ಗಳಿದ್ದವು. 16 ವಿಳಾಸ ತಂತಿಗಳಿದ್ದುದರಿಂದ 65,536 ಬೈಟ್‌ಗಳ ಸ್ಮೃತಿಯನ್ನು ನೇರವಾಗಿ ತಲುಪಬಹುದಾಗಿತ್ತು. ಎ, ಎಕ್ಸ್ ಮತ್ತು ವೈ ಎಂಬ ಮೂರು ರಿಜಿಸ್ಟರ್‌ಗಳಲ್ಲಿಯೇ ಹೆಚ್ಚಿನ ಕೆಲಸಗಳು ನಡೆಯುತ್ತಿದ್ದವು.

4. ಬಳಕೆಯಾದ ಪ್ರಮುಖ ಯಂತ್ರಗಳು
(ಅ) ಆಪಲ್ 2 (1977): ಚಿಪ್ ಅಗ್ಗವಾಗಿದ್ದರೂ ಸ್ಮೃತಿ ಮತ್ತಿತರ ಭಾಗಗಳ ವೆಚ್ಚದಿಂದ ಇದರ ಆರಂಭಿಕ ದರ 1,298 ಡಾಲರ್‌ಗಳಾಗಿತ್ತು.
(ಆ) ಅಟಾರಿ 2600 (1977): 6502ರ ಕಿರಿದಾದ ರೂಪವಾದ 6507 ಬಳಸಲಾಗಿತ್ತು. ಸ್ಮೃತಿ ಕೇವಲ 128 ಬೈಟ್ ಇದ್ದುದರಿಂದ, ಪರದೆಯ ಚಿತ್ರವನ್ನು ಪ್ರೋಗ್ರಾಂ ಸಾಲು ಸಾಲಾಗಿ ರಚಿಸಬೇಕಾಗಿತ್ತು.
(ಇ) ಕಮೊಡೋರ್ 64 (1982): 6510 ಚಿಪ್, 64 ಕಿಲೋಬೈಟ್ ಸ್ಮೃತಿ, ಆರಂಭಿಕ ದರ 595 ಡಾಲರ್.
(ಈ) ನಿಂಟೆಂಡೊ ಫ್ಯಾಮಿಕಾಂ (ಜಪಾನ್, 1983): ರಿಕೊ ಸಂಸ್ಥೆ ತಯಾರಿಸಿದ, 6502 ಆಧಾರಿತ ಚಿಪ್.

ಇದೇ ಅವಧಿಯಲ್ಲಿ ಜಿಲಾಗ್ ಸಂಸ್ಥೆಯ ಜೆಡ್80 (1976) ಪ್ರಮುಖ ಪ್ರತಿಸ್ಪರ್ಧಿಯಾಗಿತ್ತು. ಟಿಆರ್‌ಎಸ್-80 (1977) ಹಾಗೂ ಬ್ರಿಟನ್ನಿನ ಜೆಡ್‌ಎಕ್ಸ್ ಸ್ಪೆಕ್ಟ್ರಂ (1982) ಇದನ್ನು ಬಳಸಿದವು.

5. ಭಾರತದಲ್ಲಿ
1984-85ರಲ್ಲಿ ಭಾರತದಲ್ಲಿ ಆರಂಭವಾದ ‘ಕ್ಲಾಸ್’ ಗಣಕ ಸಾಕ್ಷರತಾ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಯಂತ್ರಗಳನ್ನು ಒದಗಿಸಲಾಯಿತು. 1981ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಈ ಯಂತ್ರದಲ್ಲಿಯೂ 6502 ಇತ್ತು. ಹೀಗಾಗಿ, ಮನೆಯಲ್ಲಿ ಗಣಕಯಂತ್ರ ಕೊಳ್ಳಲಾಗದ ವಿದ್ಯಾರ್ಥಿಗಳಿಗೂ ಶಾಲೆಯಲ್ಲಿ ಅದನ್ನು ಸ್ವತಃ ಬಳಸುವ ಅವಕಾಶ ದೊರೆಯಿತು.

6. ನಂತರದ ಸ್ಥಿತಿ
1980ರ ದಶಕದ ಉತ್ತರಾರ್ಧದಲ್ಲಿ 16 ಬಿಟ್ ಯಂತ್ರಗಳು ಇವುಗಳ ಸ್ಥಾನವನ್ನು ಪಡೆಯತೊಡಗಿದವು. ಮೂಲ ಜೆಡ್80 ಶ್ರೇಣಿಯ ಬಿಡಿ ಚಿಪ್‌ಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಜಿಲಾಗ್ 2024ರಲ್ಲಿ ಪ್ರಕಟಿಸಿತು. ಅಗ್ಗದ ಚಿಪ್‌ನಿಂದ ಗಣಕಯಂತ್ರವು ಸಂಸ್ಥೆಗಳ ಕೊಠಡಿಯಿಂದ ಮನೆಯ ಮೇಜಿಗೆ ಬಂದುದೇ ಈ ಪೀಳಿಗೆಯ ಮುಖ್ಯ ಕೊಡುಗೆಯಾಗಿದೆ.