ಕಾರಿಲ್ಲದವನ ಕಾರು ವಿಮೆ

ಅಪ್ಪ ಮೂವತ್ತೊಂದು ವರ್ಷ ಡ್ರೈವರ್ ಆಗಿದ್ದರು. ಲಾರಿ, ಮೆಟಡೋರ್, ಕೊನೆಗೆ ಯಾರದೋ ಶಾಲೆಯ ವ್ಯಾನು. ಅಷ್ಟು ವರ್ಷಗಳಲ್ಲಿ ಒಂದು ಮೊಪೆಡ್ಡಿನ ಆರ್‌ಸಿಯೂ ಅವರ ಹೆಸರಿನಲ್ಲಿ ಇರಲಿಲ್ಲ. ಲೈಸೆನ್ಸ್ ಮಾತ್ರ ಅಂಗಿಯ ಒಳಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗಿರುತ್ತಿತ್ತು. ಹಾಗಾಗಿ ಪಿಎಚ್.ಡಿ.ಗಾಗಿ ಮೋಟಾರು ಕಾನೂನುಗಳ ಇತಿಹಾಸ ಓದುತ್ತಿರುವಾಗ, ವಾಹನವೇ ಇಲ್ಲದವನಿಗೆ ಅಮೆರಿಕದಲ್ಲಿ ಕಾರು ವಿಮೆ ಮಾರುತ್ತಾರೆ ಎಂಬುದು ಕಣ್ಣಿಗೆ ಬಿದ್ದ ದಿನ ಮೊದಲು ಫೋನ್ ಮಾಡಿದ್ದು ಅಪ್ಪನಿಗೆ. 'ಹಸು ಇಲ್ಲದವನು ಹುಲ್ಲಿಗೆ ದುಡ್ಡು ಕೊಟ್ಟ ಹಾಗಾಯ್ತಲ್ಲೋ' ಎಂದು ನಕ್ಕರು.

ನಾನೂ ನಕ್ಕಿದ್ದೆ. ಆದರೆ ಆ ಹುಲ್ಲಿನ ಹಿಂದೆ ನೂರು ವರ್ಷಗಳ ಜಗಳವಿದೆ.

1920ರ ದಶಕದ ಅಮೆರಿಕದಲ್ಲಿ ಕಾರುಗಳು ಹೆಚ್ಚಿದವು, ಅವುಗಳಡಿ ಸಿಕ್ಕಿ ಸಾಯುವವರೂ ಹೆಚ್ಚಿದರು. ಗುದ್ದಿದವನ ಮೇಲೆ ದಾವೆ ಗೆದ್ದರೂ ಅವನ ಬಳಿ ಕಾಸಿಲ್ಲದಿದ್ದರೆ ತೀರ್ಪು ಬರೀ ಕಾಗದ. ಇದಕ್ಕೆ 1925ರಲ್ಲಿ ಪಕ್ಕಪಕ್ಕದ ಎರಡು ರಾಜ್ಯಗಳು ಎರಡು ಬೇರೆ ದಾರಿ ಹುಡುಕಿದವು. ಮ್ಯಾಸಚೂಸೆಟ್ಸ್, ವಿಮೆಯಿಲ್ಲದೆ ವಾಹನ ನೋಂದಣಿಯೇ ಇಲ್ಲ ಎಂದಿತು. 1927ರಿಂದ ಅದು ಜಾರಿಗೆ ಬಂತು. ಕನೆಕ್ಟಿಕಟ್ ಅಷ್ಟು ದೂರ ಹೋಗಲಿಲ್ಲ. ಅಪಘಾತ ಮಾಡಿದವನು ಅಥವಾ ಗಂಭೀರ ತಪ್ಪಿಗೆ ಸಿಕ್ಕಿಬಿದ್ದವನು ಮಾತ್ರ, ಮುಂದೆ ಹೀಗಾದರೆ ಪರಿಹಾರ ಕೊಡುವ ಶಕ್ತಿ ತನಗಿದೆ ಎಂದು ತೋರಿಸಬೇಕು ಎಂದಿತು. ಅಂದರೆ ಮೊದಲ ಪೆಟ್ಟು ಬಿಟ್ಟಿ, ಲೆಕ್ಕ ಎರಡನೆಯದರಿಂದ. ವಿಮಾ ಕಂಪನಿಗಳಿಗೆ ಹಿಡಿಸಿದ್ದು ಈ ಎರಡನೆಯ ದಾರಿಯೇ. ಕಡ್ಡಾಯ ಎಂದರೆ ಬಂದವರಿಗೆಲ್ಲ ಪಾಲಿಸಿ ಕೊಡಬೇಕಾದೀತು, ದರಕ್ಕೂ ಸರ್ಕಾರ ಕೈಹಾಕೀತು ಎಂಬ ಭಯ ಅವರದು. ಬಹುತೇಕ ರಾಜ್ಯಗಳು ಕನೆಕ್ಟಿಕಟ್‌ನ ಹಿಂದೆ ಹೋದವು. ಮ್ಯಾಸಚೂಸೆಟ್ಸ್ ಸುಮಾರು ಮೂವತ್ತು ವರ್ಷ ಒಂಟಿಯಾಗಿಯೇ ಉಳಿಯಿತು. ನ್ಯೂಯಾರ್ಕ್ ಕಡ್ಡಾಯ ವಿಮೆಗೆ ಬಂದದ್ದು 1950ರ ದಶಕದಲ್ಲಿ.

ನನಗೆ ಇಲ್ಲಿ ಮುಖ್ಯವಾಗಿ ಕಂಡದ್ದು ಒಂದು ಸಣ್ಣ ಪಲ್ಲಟ. ಮ್ಯಾಸಚೂಸೆಟ್ಸ್‌ನಲ್ಲಿ ವಿಮೆ ಕಾರಿಗೆ ಅಂಟಿತ್ತು. ಕನೆಕ್ಟಿಕಟ್‌ನ ದಾರಿಯಲ್ಲಿ ಅದು ಮನುಷ್ಯನಿಗೆ ಅಂಟಿತು. ಅನುಮಾನ ಇದ್ದದ್ದು ಆ ಚಾಲಕನ ಮೇಲೆ. ಅವನು ಕಾರು ಮಾರಿದರೂ ಅದು ಮಾರಾಟವಾಗುವುದಿಲ್ಲ. ಹೀಗಾಗಿ ಮುಂದೆ ಬಂದ ಮಾದರಿ ಕಾನೂನುಗಳಲ್ಲಿ ಎರಡು ಬಗೆಯ ಪಾಲಿಸಿಗಳು ಕಾಣಿಸಿಕೊಂಡವು: ಒಂದು ಮಾಲೀಕನದು, ಇನ್ನೊಂದು ಚಾಲಕನದು. ಎರಡನೆಯದು, ತನ್ನದಲ್ಲದ ವಾಹನ ಓಡಿಸಿ ಮಾಡಿದ ಹಾನಿಗೆ. ಇವತ್ತು 'ನಾನ್-ಓನರ್' ಎಂದು ಮಾರುವುದು ಇದರ ಸಂತಾನವನ್ನೇ.

ಜೊತೆಗೆ ಒಂದು ಫಾರಂ ಇದೆ, ಎಸ್‌ಆರ್-22. ಎಸ್‌ಆರ್ ಅಂದರೆ 'ಸೇಫ್ಟಿ ರೆಸ್ಪಾನ್ಸಿಬಿಲಿಟಿ'. ಅದು ವಿಮೆಯಲ್ಲ. ಈ ಮನುಷ್ಯನಿಗೆ ವಿಮೆ ಇದೆ ಎಂದು ಕಂಪನಿ ಸರ್ಕಾರಕ್ಕೆ ಬರೆದುಕೊಡುವ ಖಾತ್ರಿಪತ್ರ ಅಷ್ಟೆ. ಕುಡಿದು ಓಡಿಸಿದವರು, ವಿಮೆಯಿಲ್ಲದೆ ಸಿಕ್ಕಿಬಿದ್ದವರು, ಪರಿಹಾರ ಬಾಕಿ ಉಳಿಸಿಕೊಂಡವರು ಲೈಸೆನ್ಸ್ ಮರಳಿ ಪಡೆಯಲು ಹಲವು ರಾಜ್ಯಗಳಲ್ಲಿ ಮೂರು ವರ್ಷ ಇದನ್ನು ಉಳಿಸಿಕೊಳ್ಳಬೇಕು. ಕಂತು ತಪ್ಪಿ ಪಾಲಿಸಿ ರದ್ದಾದರೆ ಎಸ್‌ಆರ್-26 ಎಂಬ ಇನ್ನೊಂದು ಕಾಗದ ಸರ್ಕಾರಕ್ಕೆ ಹೋಗುತ್ತದೆ, ಲೈಸೆನ್ಸ್ ಮತ್ತೆ ಅಮಾನತು. ಕೊಟ್ಟ ದುಡ್ಡಿಗೆ ಸಿಗುವುದೂ ಕಡಿಮೆಯೇ. ಎರವಲು ತಂದ ಕಾರಿಗಾದ ಜಖಂ ಇದರಲ್ಲಿ ಬರುವುದಿಲ್ಲ. ಸಾಮಾನ್ಯವಾಗಿ ಮೊದಲು ಕಾರಿನ ಮಾಲೀಕನ ವಿಮೆ, ಅದು ಸಾಲದಾದರೆ ಇದು.

ಇಂಥವರಿಗೆ ವಿಮೆ ಕೊಡುವವರು ಯಾರು? 1936ರಲ್ಲಿ ಶುರುವಾದ ಗೈಕೋ ಕಂಪನಿ ಸರ್ಕಾರಿ ನೌಕರರನ್ನೇ ಆರಿಸಿಕೊಂಡಿತು, ಅವರು ಜೋಪಾನದ ಜನ ಎಂಬ ಲೆಕ್ಕದಲ್ಲಿ. ಉಳಿದವರ ಪಾಡಿಗೆ 1938ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಹಂಚಿಕೆ ವ್ಯವಸ್ಥೆ ಬಂತು: ಯಾರೂ ಬೇಡವೆಂದ ಚಾಲಕರನ್ನು ಕಂಪನಿಗಳು ತಮ್ಮೊಳಗೆ ಪಾಲು ಹಾಕಿಕೊಳ್ಳುವುದು. ಆ ಮಾದರಿ ಬೇರೆ ರಾಜ್ಯಗಳಿಗೂ ಹರಡಿತು. ಕ್ಯಾಲಿಫೋರ್ನಿಯಾದಲ್ಲಿ ಒಂದು ಸಂಸ್ಥೆ ಒಲ್ಲೆ ಎಂದು ಸುಪ್ರೀಂ ಕೋರ್ಟಿನವರೆಗೂ ಹೋಗಿ 1951ರಲ್ಲಿ ಸೋತಿತು. ಬೇಡವಾದವರಲ್ಲೂ ಲಾಭವಿದೆ ಎಂದು ಕಂಡ ಪ್ರೋಗ್ರೆಸಿವ್ ಕಂಪನಿ 1956ರಲ್ಲಿ ಅವರಿಗಾಗಿಯೇ ವ್ಯವಹಾರ ತೆರೆಯಿತು.

'ಅಪಾಯದ ಚಾಲಕ' ಎಂಬ ಹಣೆಪಟ್ಟಿ ನಿಜವಾಗಿ ಯಾರಿಗೆ ಬೀಳುತ್ತಿತ್ತು ಎಂಬುದು ಗೊತ್ತಾಗುವುದು ಬೆಲ್ ವಿರುದ್ಧ ಬರ್ಸನ್ ಮೊಕದ್ದಮೆಯಲ್ಲಿ. ಜಾರ್ಜಿಯಾದ ಒಬ್ಬ ಪಾದ್ರಿ. ಮೂರು ಹಳ್ಳಿಗಾಡಿನ ಸಮುದಾಯಗಳಿಗೆ ಕಾರಿನಲ್ಲೇ ಓಡಾಡಬೇಕಾದವರು. 1968ರ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಐದು ವರ್ಷದ ಹುಡುಗಿ ಸೈಕಲ್ ಓಡಿಸಿಕೊಂಡು ಬಂದು ಅವರ ಕಾರಿನ ಮಗ್ಗುಲಿಗೆ ಗುದ್ದಿದಳು. ಹೆತ್ತವರು 5,000 ಡಾಲರ್ ನಷ್ಟ ತೋರಿಸಿದರು. ಪಾದ್ರಿಗೆ ವಿಮೆ ಇರಲಿಲ್ಲ. ಅಷ್ಟು ಹಣ ಠೇವಣಿ ಇಡು, ಇಲ್ಲವೇ ಲೈಸೆನ್ಸ್ ಬಿಡು ಎಂದಿತು ರಾಜ್ಯ. ತಪ್ಪು ನನ್ನದಲ್ಲ, ಸಾಬೀತು ಮಾಡುತ್ತೇನೆ ಎಂದರು ಅವರು. ಅದು ಇಲ್ಲಿ ಅಪ್ರಸ್ತುತ ಎಂದರು ವಿಚಾರಣಾಧಿಕಾರಿ. ಈ 'ಅಪ್ರಸ್ತುತ' ಓದುವಾಗ ನಾನು ಪುಟ ಮಗುಚಲಾಗದೆ ಸ್ವಲ್ಪ ಹೊತ್ತು ಕೂತಿದ್ದೆ. ತಪ್ಪು ಯಾರದೆಂದು ಕೇಳದ ಕಾನೂನು ಅಳೆಯುತ್ತಿದ್ದದ್ದು ಚಾಲನೆಯನ್ನಲ್ಲ, ಜೇಬನ್ನು.

1971ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪಾದ್ರಿಯ ಪರ ನಿಂತಿತು. ಒಮ್ಮೆ ಕೊಟ್ಟ ಲೈಸೆನ್ಸ್ ಬದುಕಿನ ದಾರಿಯಾಗಿರಬಹುದು. ಹೊಣೆ ಅವನ ಮೇಲೆ ಬರುವ ಸಂಭವ ಇದೆಯೇ ಎಂದು ನೋಡದೆ ಕಿತ್ತುಕೊಳ್ಳುವಂತಿಲ್ಲ ಎಂದಿತು. ಮುಂದಿನ ವಾರ ಬಂದ ಇನ್ನೊಂದು ತೀರ್ಪಿನಲ್ಲಿ, ದಿವಾಳಿಯಾಗಿ ಸಾಲಮುಕ್ತನಾದವನ ಲೈಸೆನ್ಸನ್ನು ಹಳೆಯ ಅಪಘಾತದ ಬಾಕಿಗಾಗಿ ತಡೆಹಿಡಿದ ಅರಿಜೋನಾದ ಕಾನೂನು ಬಿತ್ತು, ಐದಕ್ಕೆ ನಾಲ್ಕು ಮತಗಳಲ್ಲಿ. ಆದರೆ ಫಾರಂ ಉಳಿಯಿತು. ಬಸ್ಸು ಸಿಗದ ಊರುಗಳಲ್ಲಿ ಲೈಸೆನ್ಸ್ ಹೋಯಿತೆಂದರೆ ಕೆಲಸವೂ ಹೋಯಿತು. ಕಾರು ಮಾರಿಕೊಂಡವನೂ ಕಂತು ಕಟ್ಟುವುದು ಅದಕ್ಕೇ.

ನಮ್ಮ ದಾರಿ ಬೇರೆ. 1939ರ ಮೋಟಾರು ವಾಹನ ಕಾಯ್ದೆ ಬ್ರಿಟನ್ನಿನ 1930ರ ಕಾನೂನಿನ ಜಾಡು ಹಿಡಿದು ಮೂರನೆಯವರ ವಿಮೆಯನ್ನು ಕಡ್ಡಾಯ ಮಾಡಿತು. ಆ ಭಾಗ ಜಾರಿಯಾದದ್ದು 1946ರಲ್ಲಿ. ಇಲ್ಲಿ ಪಾಲಿಸಿ ಗಾಡಿಯ ಬೆನ್ನು ಬಿಡುವುದಿಲ್ಲ. 1988ರ ಕಾಯ್ದೆಯ ಪ್ರಕಾರ ಗಾಡಿ ಮಾರಿದರೆ ಮೂರನೆಯವರ ವಿಮೆಯೂ ಕೊಂಡವನ ಹಿಂದೆ ಹೋಗುತ್ತದೆ. ಅಪ್ಪನಂಥ ಸಂಬಳದ ಡ್ರೈವರ್ ಸತ್ತರೆ ಕಾರ್ಮಿಕ ಪರಿಹಾರದ ಕಾನೂನಿನಡಿ ಬರುವ ಹಣಕ್ಕೆ ಮಾಲೀಕನ ಪಾಲಿಸಿಯೇ ಹೊಣೆ. ಹಾಗಾದರೆ ಸ್ನೇಹಕ್ಕೆ ಗಾಡಿ ಕೇಳಿ ಒಯ್ದವನು?

ಅವನ ಕಥೆ ನಮ್ಮ ಇಳಕಲ್ಲಿನದು. ಒಬ್ಬಾತ ಅಲ್ಲಿಂದ ತನ್ನೂರು ಗುಡೂರಿಗೆ ಹೋಗಲು ಹೀರೋ ಹೋಂಡಾ ಬೈಕು ಎರವಲು ಪಡೆದ. ಹೆದ್ದಾರಿಯಲ್ಲಿ ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಸಾಗುತ್ತಿದ್ದ ಎತ್ತಿನಗಾಡಿ ಗಕ್ಕನೆ ನಿಂತಿತು. ಗುದ್ದಿದ ಅವನು ಉಳಿಯಲಿಲ್ಲ. ತಪ್ಪು ಸಾಬೀತು ಮಾಡಬೇಕಿಲ್ಲದ 163ಎ ಕಲಮಿನಡಿ ಮನೆಯವರು ಪರಿಹಾರ ಕೇಳಿದರು. ನ್ಯಾಯಮಂಡಳಿ ಕೊಟ್ಟಿತು, ಹೈಕೋರ್ಟ್ ತೆಗೆದುಹಾಕಿತು. 2009ರಲ್ಲಿ ಸುಪ್ರೀಂ ಕೋರ್ಟ್, ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಕೊಡಬೇಕಾದವನೇ ತೆಗೆದುಕೊಳ್ಳುವವನಾಗಲಾರ, ಆ ಕಲಮಿನಡಿ ಅವನ ಮನೆಯವರಿಗೆ ಹಕ್ಕಿಲ್ಲ ಎಂದಿತು. ಬೇರೆ ಕಲಮಿನಡಿ ಏನಾದರೂ ಸಿಕ್ಕೀತೇ ನೋಡಿ ಎಂದು ಪ್ರಕರಣವನ್ನು ಹೈಕೋರ್ಟಿಗೆ ವಾಪಸು ಕಳಿಸಿತು. ಬದುಕಿದ್ದಾಗ ಮಾಲೀಕನಾಗದವನು ಸತ್ತ ಮೇಲೆ, ಪರಿಹಾರದ ಲೆಕ್ಕಕ್ಕೆ ಮಾತ್ರ, ಮಾಲೀಕನಾದ. ಅಮೆರಿಕದ ಆ ನಾನ್-ಓನರ್ ಪಾಲಿಸಿಯೂ ಇವನ ಮನೆಗೆ ಬಿಡಿಗಾಸು ತರುತ್ತಿರಲಿಲ್ಲ, ಅದು ಇರುವುದು ಎದುರಿನವರಿಗಾದ ಹಾನಿಗೆ.

ಯುಗಾದಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಪಾದ್ರಿಯ ಕಥೆಗೆ ಹೂಂಗುಟ್ಟಿದರು. ಇಳಕಲ್ಲಿನ ಕಥೆ ಮುಗಿಯುವ ಹೊತ್ತಿಗೆ ನಗು ಇರಲಿಲ್ಲ. ಅವರೂ ಎಷ್ಟೋ ಸಲ ಯಾರದೋ ಸ್ಕೂಟರ್ ಕೇಳಿ ತಂದು ನನ್ನನ್ನು ಪರೀಕ್ಷೆಗೆ ಬಿಟ್ಟಿದ್ದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

'ಎತ್ತಿನಗಾಡಿಗೆ ವಿಮೆ ಇರಲ್ಲ, ಅಲ್ವಾ?'