ಈ ಪೆಟ್ಟಿಗೆಯಲ್ಲಿ ‘ಕಪ್ಪು’ ಎಲ್ಲಿದೆ?

ಶಾಲಾ ಕಲೋತ್ಸವಕ್ಕೆ ಮಕ್ಕಳಿಗೆ ಯಕ್ಷಗಾನ ಅಭ್ಯಾಸ ಮಾಡಿಸುತ್ತಿದ್ದ ದಿನಗಳು. ಸಂಜೆ ಬೆಲ್ ಆದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ ನಡುವೆ ಜಾಗ ಮಾಡಿಕೊಂಡಿದ್ದೆವು. ಭಾಗವತರು ಬಂದು ಕುಳಿತು, ಕೈಚೀಲದಿಂದ ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹೊರತೆಗೆದು, ಪ್ಲಗ್ ಸಿಕ್ಕಿಸಿ, ‘ಇವತ್ತು ಗಂಟಲು ಸರಿ ಇಲ್ಲ, ಕಪ್ಪು ಎರಡು ಸಾಕು’ ಎನ್ನುತ್ತಾ ತಿರುಗಣೆ ತಿರುಗಿಸಿದರು. ಎದುರಿಗೆ ಕುಳಿತಿದ್ದ ಏಳನೇ ತರಗತಿಯ ಹುಡುಗಿ ಪೆಟ್ಟಿಗೆಯನ್ನು ಆ ಕಡೆಯಿಂದ, ಈ ಕಡೆಯಿಂದ ಬಗ್ಗಿ ನೋಡಿ ಕೇಳಿದಳು: ‘ಮಾಷ್ಟ್ರೇ, ಇದರಲ್ಲಿ ಕಪ್ಪು ಎಲ್ಲಿದೆ?’

ನಾವು ನಕ್ಕೆವು. ಆದರೆ ಉತ್ತರ ಹೇಳಲು ಹೊರಟಾಗ ಅದು ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ ಎಂದು ಗೊತ್ತಾಯಿತು. ಪೆಟ್ಟಿಗೆಯ ಮೈಮೇಲೆ ಇದ್ದದ್ದು ಇಂಗ್ಲಿಷ್ ಅಕ್ಷರಗಳು. ಕಪ್ಪೂ ಇಲ್ಲ, ಬಿಳಿಯೂ ಇಲ್ಲ. ಹಾಗಾದರೆ ನಮ್ಮ ಭಾಗವತರ ಬಾಯಲ್ಲಿ ‘ಕಪ್ಪು ಎರಡು’, ‘ಕಪ್ಪು ಮೂರು’, ‘ಬಿಳಿ ಐದು’ ಎಂಬ ಮಾತುಗಳು ಎಲ್ಲಿಂದ ಬಂದವು?

ಹಾರ್ಮೋನಿಯಮ್‌ನಿಂದ. ಹಾರ್ಮೋನಿಯಮ್‌ನ ಒಂದು ಸ್ಥಾಯಿಯಲ್ಲಿ ಹನ್ನೆರಡು ಮನೆಗಳು. ಏಳು ಬಿಳಿ, ಐದು ಕಪ್ಪು. ಎಡದಿಂದ ಎಣಿಸಿ ಎರಡನೆಯ ಕಪ್ಪು ಮನೆಯನ್ನು ಷಡ್ಜವಾಗಿ ಹಿಡಿದರೆ ‘ಕಪ್ಪು ಎರಡು’. ಮನೆಗಳೇ ಇಲ್ಲದ ಪೆಟ್ಟಿಗೆ ಬಂದರೂ, ಆ ಪೆಟ್ಟಿಗೆಯೂ ಹೋಗಿ ಮೊಬೈಲಿನೊಳಗೆ ಶ್ರುತಿ ಬಂದರೂ, ಮಾತು ಮಾತ್ರ ಉಳಿದುಕೊಂಡಿದೆ. ಹೋದ ವಾದ್ಯದ ವಿಳಾಸ ಭಾಷೆಯಲ್ಲಿ ಹೀಗೆ ಇನ್ನೂ ಸಿಗುತ್ತದೆ.

ಹಾರ್ಮೋನಿಯಮ್ ಕೂಡ ನಮ್ಮ ಹಿಮ್ಮೇಳಕ್ಕೆ ಹೊರಗಿನಿಂದ ಬಂದದ್ದೇ. ಅದಕ್ಕಿಂತ ಮೊದಲು ಶ್ರುತಿಗೆ ಪುಂಗಿ ಇತ್ತು. ಸೋರೆ ಬುರುಡೆಗೆ ಕೊಳವೆ ಸೇರಿಸಿ ಮಾಡಿದ, ಹಾವಾಡಿಗರ ಕೈಯಲ್ಲಿ ನಾವೆಲ್ಲ ಕಂಡಿರುವ ಅದೇ ಪುಂಗಿ. ಊದುವವನು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆದುಕೊಳ್ಳುತ್ತಾ, ನಾದ ಕಡಿಯದಂತೆ ನೋಡಿಕೊಳ್ಳಬೇಕು. ಒಂದು ಪುಂಗಿಗೆ ಹೆಚ್ಚುಕಡಿಮೆ ಒಂದೇ ಶ್ರುತಿ.

ಹಾರ್ಮೋನಿಯಮ್ ಹುಟ್ಟಿದ್ದು ಯುರೋಪಿನಲ್ಲಿ. 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ಡೆಬೆಯ್ನ್ ಆ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. ಅದು ಕಾಲಿನಿಂದ ಗಾಳಿ ಒತ್ತುವ ವಾದ್ಯ. ನೆಲದ ಮೇಲೆ ಕುಳಿತು ಹಾಡುವ ನಮ್ಮವರಿಗೆ ಒಗ್ಗುವಂತೆ, ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸುವ ಪೆಟ್ಟಿಗೆ ಕಲ್ಕತ್ತೆಯಲ್ಲಿ ತಯಾರಾಗತೊಡಗಿದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ನಾಟಕ ಕಂಪೆನಿಗಳಲ್ಲಿ ಕಾಲಿನ ಹಾರ್ಮೋನಿಯಮ್ ಮೆರೆಯಿತು. ಭಜನೆಗೆ, ಹರಿಕಥೆಗೆ ಕೈಪೆಟ್ಟಿಗೆ ಬಂತು. ಯಕ್ಷಗಾನ, ತಾಳಮದ್ದಳೆಗಳಲ್ಲೂ ಪುಂಗಿಯ ಜಾಗದಲ್ಲಿ ಅದು ಬಂದು ಕುಳಿತಿತು.

ವಿರೋಧ ಇರಲಿಲ್ಲವೆಂದಲ್ಲ. ಹಾರ್ಮೋನಿಯಮ್‌ನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವಂತಿಲ್ಲ, ಗಮಕ ಬರುವುದಿಲ್ಲ, ಅದರ ಸ್ವರಸ್ಥಾನಗಳು ನಮ್ಮ ಸಂಗೀತದವಲ್ಲ ಎಂದು ದೂರುಗಳಿದ್ದವು. 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಮ್ಮನ್ನು ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತು. ರವೀಂದ್ರನಾಥ ಠಾಕೂರರೂ ಹಾರ್ಮೋನಿಯಮ್ ಬೇಡ ಎನ್ನುವವರೇ ಆಗಿದ್ದರು. ನಿಷೇಧ ಸ್ವಲ್ಪ ಸಡಿಲವಾದದ್ದು 1971ರಲ್ಲಿ! ನಮ್ಮ ಹಿಮ್ಮೇಳಕ್ಕೆ ಈ ಜಗಳ ಅಷ್ಟಾಗಿ ತಟ್ಟಲಿಲ್ಲ. ಕಾರಣ ಸರಳ. ಯಕ್ಷಗಾನದಲ್ಲಿ ಹಾರ್ಮೋನಿಯಮ್ ಪದ್ಯದ ಧಾಟಿ ನುಡಿಸುವುದಿಲ್ಲ, ಶ್ರುತಿ ಮಾತ್ರ ಕೊಡುತ್ತದೆ. ಜಾರುವ ಕೆಲಸ ಭಾಗವತರ ಗಂಟಲಿನದು.

1970ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಯಾರಿಸಿದರು. ಅವರ ‘ರಾಡೆಲ್’ ಪೆಟ್ಟಿಗೆಗಳು ಸಂಗೀತದವರ ಮನೆಮನೆ ಸೇರಿದವು. ನಮ್ಮ ಕಡೆಯ ಹಿಮ್ಮೇಳಕ್ಕೂ ಇಲೆಕ್ಟ್ರಾನಿಕ್ ಪೆಟ್ಟಿಗೆ ಬಂತು. ಒತ್ತುವವರು ಬೇಡ, ತಿದಿ ಹರಿಯುವ ಭಯವಿಲ್ಲ, ಚೀಲದಲ್ಲಿ ಹಿಡಿಯುತ್ತದೆ. ಎರಡು ಮನೆಗಳ ನಡುವಿನ ಶ್ರುತಿಯೂ ತಿರುಗಣೆಯಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಹಾರ್ಮೋನಿಯಮ್ ಮರ ಉಬ್ಬಿ ಮನೆ ಸಿಕ್ಕಿಕೊಳ್ಳುವುದು, ಒತ್ತದಿದ್ದರೂ ಒಂದು ರೀಡು ಅಳುವುದು, ಒಳಗಿನ ಬಟ್ಟೆಯನ್ನು ಜಿರಲೆ ತಿನ್ನುವುದು, ಇವನ್ನೆಲ್ಲ ಅನುಭವಿಸಿದ ನಮ್ಮ ಕರಾವಳಿಯವರಿಗೆ ಇದು ದೊಡ್ಡ ಉಪಕಾರ.

ಅಂದ ಹಾಗೆ, ಈ ಪ್ರಶ್ನೆ ನಮ್ಮದು ಮಾತ್ರವಲ್ಲ. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಜಾಝ್ ಸಂಗೀತಕ್ಕೂ ನಮ್ಮ ಭಾಗವತಿಕೆಗೂ ಒಂದು ಸಾಮ್ಯವಿದೆ. ಹಾಡು ಗೊತ್ತಿರುತ್ತದೆ, ಆದರೆ ಅದನ್ನು ಇಂದು ಹೇಗೆ ಬೆಳೆಸುವುದು ಎಂಬುದು ಕುಳಿತಲ್ಲೇ ತೀರ್ಮಾನವಾಗುತ್ತದೆ. ನಮ್ಮ ಮದುವೆ ದಿಬ್ಬಣಗಳಲ್ಲಿ ಕೇಳುವ ಸ್ಯಾಕ್ಸೊಫೋನ್ ಜಾಝ್‌ನಲ್ಲಿ ಹೆಸರು ಮಾಡಿದ ವಾದ್ಯ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ಅದನ್ನು ತಂದರು, ಕದ್ರಿ ಗೋಪಾಲನಾಥರು (1949–2019) ಅದನ್ನು ಕರ್ನಾಟಕ ಸಂಗೀತದ ವಾದ್ಯವನ್ನಾಗಿಯೇ ಮಾಡಿದರು.

ಆ ಜಾಝ್‌ನವರಿಗೂ ಪಿಯಾನೋದ ವಿಷಯದಲ್ಲಿ ಇದೇ ಗೊಂದಲ. ಹಳೆಯ ಪಿಯಾನೋದಲ್ಲಿ ಮನೆ ಒತ್ತಿದರೆ ಒಳಗಿನ ಸುತ್ತಿಗೆ ತಂತಿಗೆ ಬಡಿಯುತ್ತದೆ. ಪೆಡಲ್ ಒತ್ತಿದ್ದರೆ ಬಡಿಯದ ತಂತಿಗಳೂ ಅದರೊಂದಿಗೆ ಮಿಡಿಯುತ್ತವೆ. ಆದರೆ ಅದನ್ನು ಹೆಗಲ ಮೇಲೆ ಹೊತ್ತು ತಿರುಗುವಂತಿಲ್ಲ. ಹೋದ ಊರಿನ ಸಭಾಂಗಣದಲ್ಲಿ ಯಾವುದಿದೆಯೋ ಅದರಲ್ಲೇ ನುಡಿಸಬೇಕು. 1968ರಲ್ಲಿ ಮೈಲ್ಸ್ ಡೇವಿಸ್ ತನ್ನ ತಂಡದ ಹರ್ಬಿ ಹ್ಯಾನ್ಕಾಕ್‌ನ ಕೈಗೆ ವಿದ್ಯುತ್ ಪಿಯಾನೋ ಕೊಟ್ಟ. 1983ರಲ್ಲಿ ಯಮಹಾ ಕಂಪೆನಿಯ ಡಿಎಕ್ಸ್ 7 ಎಂಬ ಡಿಜಿಟಲ್ ವಾದ್ಯ ಬಂತು. ಈಗಿನ ಡಿಜಿಟಲ್ ಪಿಯಾನೋ ಒಳ್ಳೆಯ ಪಿಯಾನೋದ ಧ್ವನಿಯನ್ನೇ ಮುದ್ರಿಸಿ ಒಳಗಿಟ್ಟುಕೊಂಡಿರುತ್ತದೆ. ಅದರ ಶ್ರುತಿ ಕೆಡುವುದಿಲ್ಲ, ಕಿವಿಗೆ ಹೆಡ್‌ಫೋನ್ ಹಾಕಿ ನಡುರಾತ್ರಿಯಲ್ಲೂ ಅಭ್ಯಾಸ ಮಾಡಬಹುದು.

ಆದರೆ 1975ರ ಜನವರಿ 24ರಂದು ಜರ್ಮನಿಯ ಕೊಲೋನ್ ನಗರದಲ್ಲಿ ನಡೆದದ್ದನ್ನು ಕೇಳಿ. ಕೀತ್ ಜಾರೆಟ್ ಎಂಬ ಪಿಯಾನೋ ವಾದಕನ ಕಚೇರಿ. ಕೇಳಿದ್ದು ಒಂದು ಪಿಯಾನೋ, ವೇದಿಕೆಯಲ್ಲಿ ಇದ್ದದ್ದು ಇನ್ನೊಂದು. ಚಿಕ್ಕದು, ಮೇಲಿನ ಸ್ವರಗಳು ಕರ್ಕಶ, ಕೆಳಗಿನವಕ್ಕೆ ಬಲವಿಲ್ಲ, ಪೆಡಲ್ ಸರಿಯಿಲ್ಲ. ಆತ ನುಡಿಸುವುದಿಲ್ಲವೆಂದೇ ಹೊರಟಿದ್ದ, ಕೊನೆಗೆ ಒಪ್ಪಿದ. ಹಾಳು ಸ್ವರಗಳನ್ನು ಆದಷ್ಟು ಬಿಟ್ಟು ನಡುವಿನ ಮನೆಗಳಲ್ಲೇ ಸುತ್ತಿದ, ಎಡಗೈಯಲ್ಲಿ ಒಂದೇ ನಡೆಯನ್ನು ಮತ್ತೆ ಮತ್ತೆ ಬಾರಿಸಿದ. ಆ ರಾತ್ರಿಯ ಧ್ವನಿಮುದ್ರಿಕೆ ಲಕ್ಷಗಟ್ಟಲೆ ಮಾರಾಟವಾಯಿತು. ವಾದ್ಯದ ಹಟಕ್ಕೆ ಮನುಷ್ಯ ಉತ್ತರ ಕೊಡಬೇಕಾದ್ದರಿಂದ ಹುಟ್ಟಿದ ಸಂಗೀತ ಅದು.

ಈ ಕಥೆ ಓದಿದಾಗ ನಮಗೆ ನೆನಪಾದದ್ದು ಕೊಲೋನ್ ಅಲ್ಲ, ನಮ್ಮ ಊರಿನ ದೇವಸ್ಥಾನದ ಚಂದ್ರಶಾಲೆ. ಶನಿವಾರ ರಾತ್ರಿಗಳ ತಾಳಮದ್ದಳೆ. ಚಿಕ್ಕಂದಿನಲ್ಲಿ ನಮಗೆ ಕುಣಿಯಲೂ ಬರುತ್ತಿರಲಿಲ್ಲ, ಅರ್ಥ ಹೇಳುವ ಧೈರ್ಯವೂ ಇರಲಿಲ್ಲ. ಅಂಥ ಮಕ್ಕಳಿಗೆ ಒಂದು ಕೆಲಸವಿತ್ತು, ಶ್ರುತಿ ಒತ್ತುವುದು. ಭಾಗವತರ ಹಿಂದೆ, ಮದ್ದಳೆಯ ಮಗ್ಗುಲಲ್ಲಿ, ಹಾರ್ಮೋನಿಯಮ್ ಇಟ್ಟುಕೊಂಡು ತಿದಿ ಒತ್ತುತ್ತಾ ಕೂರಬೇಕು. ಕೈ ನಿಂತರೆ ನಾದ ನಿಂತಿತು! ತೂಕಡಿಸಿದರೆ ಭಾಗವತರ ಜಾಗಟೆಯ ಕೋಲು ಮೊಣಕಾಲಿಗೆ ತಾಗುತ್ತಿತ್ತು. ಪದ್ಯ ಮುಗಿದು ಅರ್ಥ ಶುರುವಾಗುವಾಗ ಕೈ ಸಡಿಲಿಸಬೇಕು, ಅರ್ಥಧಾರಿಯ ಮಾತು ಮುಗಿಯುವ ಸೂಚನೆ ಸಿಕ್ಕಿದೊಡನೆ ಮತ್ತೆ ಗಾಳಿ ತುಂಬಬೇಕು. ಹಾಗಾಗಿ ಮಾತನ್ನು ಕೇಳಲೇಬೇಕಿತ್ತು. ವಾಲಿಯ ಪ್ರಶ್ನೆ ಎಲ್ಲಿಗೆ ಬಂತು, ರಾಮ ಉತ್ತರಿಸಿ ಮುಗಿಸಿದನೇ, ಎಲ್ಲವನ್ನೂ ಗಮನಿಸಬೇಕಿತ್ತು. ಹೀಗೆ ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಪ್ರಸಂಗದ ಪದ್ಯಗಳು ಬಾಯಿಗೆ ಬಂದಿದ್ದವು. ಯಾರೂ ಕಲಿಸಿದ್ದಲ್ಲ.

ಆ ಹುಡುಗಿಯ ಪ್ರಶ್ನೆಗೆ ನಮ್ಮ ನಿಜವಾದ ಉತ್ತರ ಇಲ್ಲಿದೆ. ಪುಂಗಿ, ಹಾರ್ಮೋನಿಯಮ್, ಇಲೆಕ್ಟ್ರಾನಿಕ್ ಪೆಟ್ಟಿಗೆ ಇವುಗಳ ನಾದದಲ್ಲಿ ವ್ಯತ್ಯಾಸ ಇದ್ದೇ ಇದೆ, ಆದರೆ ನಮಗೆ ಅದು ದೊಡ್ಡ ವಿಷಯವಾಗಿ ಕಾಣುವುದಿಲ್ಲ. ಚೆಂಡೆ ಮದ್ದಳೆಗಳ ಅಬ್ಬರದಲ್ಲಿ, ಮೈಕಿನ ಮೂಲಕ ಕೇಳುವಾಗ, ಎಷ್ಟು ಜನರಿಗೆ ಅದು ಗೊತ್ತಾದೀತು? ದೊಡ್ಡ ವ್ಯತ್ಯಾಸ ಬೇರೆ. ಮೊದಲೆರಡಕ್ಕೆ ಒಬ್ಬ ಮನುಷ್ಯ ಬೇಕಿತ್ತು, ಮೂರನೆಯದಕ್ಕೆ ಬೇಡ. ಏನೂ ಬಾರದ ಹುಡುಗನಿಗೆ ಹಿಮ್ಮೇಳದಲ್ಲಿ ಇದ್ದ ಒಂದೇ ಒಂದು ಜಾಗವನ್ನು ಆ ಪೆಟ್ಟಿಗೆ ತೆಗೆದುಕೊಂಡಿತು.

ಬೇರೆ ಊರಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಕಾಸರಗೋಡಿನವರಿಗೆ ಅಲ್ಲ. ‘ಪಂಚವಟಿ’, ‘ವಾಲಿ ಸಂಹಾರ’ದಂತಹ ಪ್ರಸಂಗಗಳ ಕರ್ತೃ ಎಂದು ಹೆಸರಾದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ತೆಂಕುತಿಟ್ಟಿನಲ್ಲಿ ಏರು ಶ್ರುತಿಯ ಕಂಠಕ್ಕೆ ಹೆಸರಾಗಿದ್ದ ಬಲಿಪ ನಾರಾಯಣ ಭಾಗವತರು (1938–2023) ಹುಟ್ಟಿದ್ದು ನಮ್ಮ ಪಡ್ರೆಯಲ್ಲಿ. ಗಂಡಸರದೇ ಆಗಿದ್ದ ಭಾಗವತಿಕೆಯಲ್ಲಿ ಹೆಸರು ಮಾಡಿದ ಲೀಲಾವತಿ ಬೈಪಾಡಿತ್ತಾಯರು ಮಧೂರಿನವರು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನು (1940–2020) ದೇಶವೆಲ್ಲ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಲ್ಲದು. ನಾವು ಅವರನ್ನು ಹಾಡುವ ಸ್ವಾಮಿಗಳೆಂದೂ ಬಲ್ಲೆವು. 1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು. ಮಹಾಜನ ಆಯೋಗದ 1967ರ ವರದಿ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಅದು ವರದಿಯಾಗಿಯೇ ಉಳಿಯಿತು. ಆ ಮೇಲೆ ಇಲ್ಲಿ ಕನ್ನಡ ಉಳಿದದ್ದು ಶಾಲೆಯಿಂದ ಎಷ್ಟೋ, ಆಟ ಕೂಟಗಳಿಂದಲೂ ಅಷ್ಟೇ. ನಮ್ಮ ತರಗತಿಯ ಮಕ್ಕಳಲ್ಲಿ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಮಾತಾಡುವವರೇ ಹೆಚ್ಚು. ಪುಸ್ತಕದಲ್ಲಿ ನಾವು ಓದಿಸುವ ಹಳೆಯ ಕನ್ನಡದ ಒಂದು ಸಾಲು ಅವರ ಕಿವಿಗೆ ಮೊದಲೇ ಬಿದ್ದಿದ್ದರೆ ಅರ್ಧ ಪಾಠ ಆದಂತೆ. ಆ ಕಿವಿ ತಯಾರಾಗುತ್ತಿದ್ದ ಜಾಗಗಳಲ್ಲಿ ತಿದಿ ಒತ್ತುವ ಮಣೆಯೂ ಒಂದು.

ಇಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಬೈಯುವ ಉದ್ದೇಶ ನಮಗಿಲ್ಲ. ಮನೆಯಲ್ಲಿ ಒಬ್ಬರೇ ಕುಳಿತು ಅಭ್ಯಾಸ ಮಾಡುವವರಿಗೆ ಅದು ವರ. ಶ್ರುತಿ ಒತ್ತುವ ಹುಡುಗನ ನಿದ್ದೆಯಿಂದ ಹಾಳಾದ ಪದ್ಯಗಳೂ ಸಾಕಷ್ಟಿದ್ದವು, ಅವುಗಳಲ್ಲಿ ಕೆಲವು ನಮ್ಮ ಖಾತೆಯವು. ಕಾಲದ ಹಿಂದಕ್ಕೆ ಹೋಗಿ ಪುಂಗಿ ಊದಿ ಎಂದು ಯಾರಿಗೂ ಹೇಳಲಾಗದು.

ನಾವು ಮಾಡಿದ್ದು ಇಷ್ಟೇ. ಶಾಲೆಯ ಕಪಾಟಿನ ಮೇಲೆ ಪ್ರಾರ್ಥನೆಗೆಂದು ಹಿಂದೆ ಕೊಂಡಿದ್ದ ಹಾರ್ಮೋನಿಯಮ್ ಒಂದಿತ್ತು. ಕೆಳಗಿಳಿಸಿ ಧೂಳು ಒರೆಸಿದೆವು. ತಿದಿಯ ಒಂದು ಮಡಿಕೆ ಹರಿದಿತ್ತು, ಸೈಕಲ್ ಟ್ಯೂಬಿನ ತುಂಡು ಅಂಟಿಸಿದೆವು. ಅಭ್ಯಾಸದ ದಿನಗಳಲ್ಲಿ ಪೆಟ್ಟಿಗೆಗೆ ರಜೆ ಕೊಟ್ಟು, ವೇಷ ಸಿಗದ ಮಕ್ಕಳು ಸರದಿಯಲ್ಲಿ ಶ್ರುತಿ ಒತ್ತಬೇಕೆಂದು ಮಾಡಿದೆವು. ಸ್ಪರ್ಧೆಯ ದಿನ ಮಾತ್ರ ಇಲೆಕ್ಟ್ರಾನಿಕ್ ಪೆಟ್ಟಿಗೆ. ಭಾಗವತರು ಮೊದಲ ದಿನ ಮುಖ ಸಿಂಡರಿಸಿದರು, ಎರಡನೆಯ ವಾರದಿಂದ ಸುಮ್ಮನಾದರು.

ಪ್ರಶ್ನೆ ಕೇಳಿದ ಹುಡುಗಿಗೆ ಎರಡನೆಯ ಕಪ್ಪು ಮನೆ ಯಾವುದೆಂದು ಅವಳ ಬೆರಳಿನಿಂದಲೇ ಒತ್ತಿಸಿ ತೋರಿಸಿದೆವು. ಅವಳ ಮನೆಮಾತು ಮಲಯಾಳ. ‘ಪಂಚವಟಿ’ಯ ಅಭ್ಯಾಸ ಮುಗಿಯುವ ಹೊತ್ತಿಗೆ, ಒಂದು ಸಂಜೆ ಭಾಗವತರು ಕೆಮ್ಮು ಬಂದು ಪದ್ಯದ ನಡುವೆ ನಿಲ್ಲಿಸಿದಾಗ, ಹಿಂದಿನಿಂದ ಸಣ್ಣ ದನಿಯಲ್ಲಿ ಮುಂದಿನ ಸಾಲು ಕೇಳಿಬಂತು. ಕೈ ತಿದಿಯ ಮೇಲೆಯೇ ಇತ್ತು.

ನಿಮ್ಮ ಊರಿನ ಭಜನಾ ಮಂದಿರದ ಅಟ್ಟದಲ್ಲೋ ಹಳೆಯ ಶಾಲೆಯ ಕಪಾಟಿನಲ್ಲೋ ಇಂಥ ಹಾರ್ಮೋನಿಯಮ್ ಒಂದು ಇದ್ದರೂ ಇದ್ದೀತು. ಗುಜರಿಗೆ ಕೊಡುವ ಮೊದಲು ಒಮ್ಮೆ ತಿದಿ ಒತ್ತಿ ನೋಡಿ. ನಾದ ಬಂದರೆ, ಮಗ್ಗುಲಲ್ಲಿ ಒಂದು ಮಗುವನ್ನು ಕೂರಿಸಿ.