ಸುಬಾ ಹೋಯಿತು, ಶಿರಾ ಉಳಿಯಿತು

ಕರ್ನಾಟಕದ ಮುಸ್ಲಿಮರ ಇತಿಹಾಸದ ಮಾತು ಬಂದಾಗ ನಮ್ಮ ಗಮನ ಮೊದಲು ಹೋಗುವುದು ಕಡಲತ್ತ. ಭಟ್ಕಳದ ನವಾಯತರು, ಮಂಗಳೂರು-ಉಳ್ಳಾಲದ ಬ್ಯಾರಿಗಳು, ಅರಬ್ ವ್ಯಾಪಾರಿಗಳು, ಹಾಯಿಹಡಗು, ಕರಿಮೆಣಸು. ಈ ಕಥೆಯನ್ನು ಓದುಗರು ಬಲ್ಲರು. ಕಡಲು ಬಿಟ್ಟರೆ ಬಿಜಾಪುರ, ಬೀದರ್, ಕಲಬುರಗಿಯ ಗುಮ್ಮಟಗಳು. ಅದನ್ನೂ ಬಿಟ್ಟರೆ ಶ್ರೀರಂಗಪಟ್ಟಣ. ಇವುಗಳ ನಡುವಿನ ಬಯಲುಸೀಮೆಯ ಊರುಗಳಲ್ಲಿ ತಲೆಮಾರುಗಳಿಂದ ಬದುಕಿದ ಮುಸ್ಲಿಮರ ಬಗ್ಗೆ ನಾವು ಬರೆದದ್ದು ಕಡಿಮೆ, ಓದಿದ್ದು ಇನ್ನೂ ಕಡಿಮೆ.

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಅಂಥ ಸೀಮೆ. ಇಲ್ಲಿ ಕಡಲಿಲ್ಲ, ವರ್ಷಪೂರ್ತಿ ಹರಿಯುವ ಹೊಳೆಯೂ ಇಲ್ಲ. ಬಂಡೆ, ಕೆರೆ, ರಾಗಿ, ಕಡಲೆಕಾಯಿ, ಹುಣಸೆಮರ. ಮಳೆ ಕೈಕೊಟ್ಟರೆ ಬೆಂಗಳೂರಿನ ಬಸ್ಸು ಹತ್ತುವ ಜನ. ಈ ಸೀಮೆಯ ನಡುವೆ ಇರುವ ಶಿರಾ ಒಂದು ಕಾಲಕ್ಕೆ ದಕ್ಷಿಣದ ದೊಡ್ಡ ಮೊಗಲ್ ಪ್ರಾಂತವೊಂದರ ರಾಜಧಾನಿಯಾಗಿತ್ತು. ಹೆದ್ದಾರಿಯಲ್ಲಿ ಬೆಂಗಳೂರಿನಿಂದ ಚಿತ್ರದುರ್ಗದ ಕಡೆಗೆ ಹೋಗುವವರಲ್ಲಿ ಈ ಸಂಗತಿ ಎಷ್ಟು ಜನರಿಗೆ ಗೊತ್ತು?

ನಾಯಕರಿಂದ ಮೊಗಲರವರೆಗೆ

ಶಿರಾದ ಕೋಟೆಗೆ ಬುನಾದಿ ಹಾಕಿದವನು ಮುಸ್ಲಿಂ ಅರಸನಲ್ಲ. ಈಗ ಆಂಧ್ರದ ಗಡಿಯೊಳಗಿರುವ ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ. ಕೋಟೆ ಪೂರ್ತಿಯಾಗುವ ಮೊದಲೇ, 1638-39ರ ದಂಡಯಾತ್ರೆಯಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಶಿರಾವನ್ನು ಗೆದ್ದ. ಶರಣಾಗಲು ಬಂದ ನಾಯಕನನ್ನು ಅಫ್ಜಲ್ ಖಾನ್ ಕೊಲ್ಲಿಸಿದನೆಂಬುದು ಇತಿಹಾಸದ ದಾಖಲೆ. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಕೊಟ್ಟ ಮಾತಿಗೆ ತಪ್ಪಿದವನು ಯಾವ ಹೆಸರಿನವನಾದರೂ ತಪ್ಪಿದವನೇ.

ಬಿಜಾಪುರದ ಪರವಾಗಿ ಬಂದ ಅಧಿಕಾರಿ ಮಲಿಕ್ ಹುಸೇನ್ ಕೋಟೆಯನ್ನು ಮುಗಿಸಿ, ಪೇಟೆಗೆ ಮಣ್ಣಿನ ಗೋಡೆ ಕಟ್ಟಿಸಿದ. ಅನಂತರ ಆಳಿದವನು ಮಲಿಕ್ ರಿಹಾನ್. ಅವನ ಗೋರಿಯೇ ಇಂದು ಜನ ಮಲಿಕ್ ರಿಹಾನ್ ದರ್ಗಾ ಎಂದು ಕರೆಯುವ ಕಟ್ಟಡ, 1651ರದು. ಕೆಲಕಾಲ ಶಿರಾ ಶಿವಾಜಿಯ ತಂದೆ ಷಹಾಜಿ ಭೋಂಸ್ಲೆಯ ಜಹಗೀರಿಗೂ ಸೇರಿತ್ತು.

1687ರಲ್ಲಿ ಔರಂಗಜೇಬನ ಸೇನೆ ಈ ಭಾಗಕ್ಕೆ ಬಂತು. ಖಾಸಿಂ ಖಾನ್ ಇಲ್ಲಿನ ಮೊದಲ ಮೊಗಲ್ ಫೌಜುದಾರನಾದ. ಶಿರಾ ಸುಬಾ ಎಂದೇ ಹೆಸರಾದ ಈ ಪ್ರಾಂತದಲ್ಲಿ ಏಳು ಪರಗಣೆಗಳಿದ್ದವು: ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ಕೋಲಾರ. ಇವಲ್ಲದೆ ಹರಪನಹಳ್ಳಿ, ಕುಂದುರ್ಪಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರು ಕಪ್ಪ ಕೊಡುವ ಸಂಸ್ಥಾನಗಳೆಂದು ಲೆಕ್ಕಕ್ಕೆ ಸೇರಿದ್ದವು. ಅದೇ 1687ರಲ್ಲಿ ಖಾಸಿಂ ಖಾನ್ ಬೆಂಗಳೂರನ್ನೂ ವಶಪಡಿಸಿಕೊಂಡ. ಅದು ಕೊನೆಗೆ ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈ ಸೇರಿತು. ಆಗ ಬೆಂಗಳೂರು ಮಾರಾಟಕ್ಕಿದ್ದ ಪೇಟೆ; ಶಿರಾ ರಾಜಧಾನಿ.

ಖಾಸಿಂ ಖಾನನ ವೈಭವ ಬಹಳ ವರ್ಷ ನಡೆಯಲಿಲ್ಲ. 1695-96ರಲ್ಲಿ ಮರಾಠಾ ಸರದಾರ ಸಂತಾಜಿ ಘೋರ್ಪಡೆ ಅವನನ್ನು ಚಳ್ಳಕೆರೆ ಬಳಿಯ ದೊಡ್ಡೇರಿಯಲ್ಲಿ ಮುತ್ತಿದ. ಅಲ್ಲೇ ಅವನು ಸತ್ತ. ಶಿರಾದ ಜುಮ್ಮಾ ಮಸೀದಿ ಕಟ್ಟಿದ್ದು 1696ರಲ್ಲಿ. ಕಡೆದ ಕಲ್ಲಿನ ಈ ಮಸೀದಿ ಮತ್ತು ಮಲಿಕ್ ರಿಹಾನ್ ದರ್ಗಾ ಎರಡೂ ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ.

ದಿಲಾವರ್ ಖಾನನ ಕಾಲ

ಶಿರಾ ಅತ್ಯಂತ ಏಳಿಗೆಯಲ್ಲಿದ್ದದ್ದು ಹದಿನೆಂಟನೇ ಶತಮಾನದಲ್ಲಿ, ದಿಲಾವರ್ ಖಾನ್ ಮೂವತ್ತು ವರ್ಷಗಳ ಕಾಲ ಸುಬೇದಾರನಾಗಿದ್ದಾಗ. ಊರಿನಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂಬ ಮಾತು ಗ್ಯಾಸೆಟಿಯರುಗಳಲ್ಲಿ ಬಂದಿದೆ. ಐವತ್ತು ಸಾವಿರವೆಂಬುದು ಹಿಗ್ಗಿಸಿದ ಮಾತೇ ಇರಬಹುದು. ಆದರೆ ಅದರಲ್ಲಿ ಅರ್ಧದಷ್ಟಿದ್ದರೂ ಅಂದಿನ ಕಾಲಕ್ಕೆ ಅದು ಮಹಾನಗರ. ಅಷ್ಟು ಮನೆಗಳೆಂದರೆ ನೇಕಾರರು, ಬಣ್ಣಗಾರರು, ಬಡಗಿಗಳು, ಕಮ್ಮಾರರು, ಗಾಣಿಗರು, ಹೂವಾಡಿಗರು, ನೀರು ಹೊರುವವರು, ಎತ್ತಿನ ಗಾಡಿಯವರು. ಸುಬೇದಾರ ಒಬ್ಬನೇ. ಊರು ಇವರೆಲ್ಲರದು.

ದಿಲಾವರ್ ಖಾನನ ಅರಮನೆಯ ಮಾದರಿಯಲ್ಲೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳು ಎದ್ದವೆಂದು ಹೇಳುತ್ತಾರೆ. ಶಿರಾದ ಖಾನ್ ಬಾಗ್ ಹೂದೋಟವನ್ನು ಕಂಡೇ ಹೈದರಾಲಿಗೆ ಬೆಂಗಳೂರಿನ ಲಾಲ್‌ಬಾಗ್ ಮಾಡುವ ಮನಸ್ಸಾಯಿತೆಂಬ ಮಾತೂ ಇದೆ. ಇಂದು ಲಾಲ್‌ಬಾಗಿಗೆ ಟಿಕೆಟ್ ಕೊಂಡು ಹೋಗುತ್ತೇವೆ. ಶಿರಾದ ಆ ಅರಮನೆ ಈಗ ಇಲ್ಲ. ತೋಟದ ಹೆಸರಷ್ಟೇ ಇದೆ.

ನಗಾರಿಯೊಳಗಿನ ಹುಡುಗ

ಈ ಸುಬಾದ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಹೈದರಾಲಿಯ ತಂದೆ ಫತೇ ಮುಹಮ್ಮದ್ ಶಿರಾ ಸುಬೇದಾರನ ಕೈಕೆಳಗೆ ನೌಕರಿಯಲ್ಲಿದ್ದವನು. ಅವನು ಯುದ್ಧದಲ್ಲಿ ಸತ್ತ ಮೇಲೆ ಹೆಂಡತಿ-ಮಕ್ಕಳು ದೊಡ್ಡಬಳ್ಳಾಪುರದಲ್ಲಿದ್ದರು. ಅಲ್ಲಿನ ಅಧಿಕಾರ ಶಿರಾ ಸುಬೇದಾರನಾಗಿದ್ದ ದರ್ಗಾ ಕುಲಿ ಖಾನನ ಮಗ ಅಬ್ಬಾಸ್ ಕುಲಿ ಖಾನನದು. ಸತ್ತವನಿಂದ ಬಾಕಿ ಬರಬೇಕೆಂದು ಹೇಳಿ ಅವನು ಆ ಮನೆಯವರ ಆಸ್ತಿ ಕಸಿದುಕೊಂಡ. ಸಾಲದೆಂದು ಏಳೆಂಟು ವರ್ಷದ ಹೈದರನನ್ನೂ ಅಣ್ಣ ಷಹಬಾಜನನ್ನೂ ನಗಾರಿಯೊಳಗೆ ಕೂರಿಸಿ, ಮೇಲೆ ಚರ್ಮ ಬಿಗಿದು ಬಾರಿಸಿ ಹಿಂಸಿಸಿದನೆಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ.

1761ರಲ್ಲಿ ಅದೇ ಹುಡುಗ ನಿಜಾಮನ ಸಹೋದರ ಬಸಾಲತ್ ಜಂಗನಿಗೆ ಮೂರು ಲಕ್ಷ ರೂಪಾಯಿ ನಜರಾನೆ ಕೊಟ್ಟು ಶಿರಾದ ನವಾಬನೆಂಬ ಬಿರುದು ಪಡೆದ. ಶಿರಾ ಆಗ ಮರಾಠರ ಕೈಯಲ್ಲಿತ್ತು, ಅಂದರೆ ಇನ್ನೂ ಗೆಲ್ಲಬೇಕಾದ ಊರಿನ ನವಾಬಗಿರಿ ಅದು. ಹೈದರ್ ಅದನ್ನೂ ಗೆದ್ದ, ದೊಡ್ಡಬಳ್ಳಾಪುರವನ್ನೂ ಗೆದ್ದ. ಅಬ್ಬಾಸ್ ಕುಲಿ ಮದರಾಸಿಗೆ ಓಡಿಹೋದ. ಹಿಂಸಿಸಿದವನೂ ಕಲಿಮಾ ಓದುವವನು, ಹಿಂಸೆ ತಿಂದವನೂ ಕಲಿಮಾ ಓದುವವನು. ಅಧಿಕಾರ, ಬಾಕಿ, ವಸೂಲಿ ಎಂಬ ಮೂರು ಮಾತುಗಳಲ್ಲಿ ಈ ಕಥೆ ಮುಗಿಯುತ್ತದೆ. ಧರ್ಮಕ್ಕೆ ಇಲ್ಲಿ ಮಾಡಲು ಕೆಲಸವೇ ಇಲ್ಲ.

ಯಾರು ಯಾರ ಮೇಲೆ?

ಶಿರಾದ ಒಡೆತನ ಕೈ ಬದಲಾದ ರೀತಿಯನ್ನು ಒಮ್ಮೆ ಸಾಲಾಗಿ ನೋಡೋಣ. 1638ರಲ್ಲಿ ನಾಯಕರಿಂದ ಬಿಜಾಪುರಕ್ಕೆ, 1687ರಲ್ಲಿ ಬಿಜಾಪುರದಿಂದ ಮೊಗಲರಿಗೆ, 1757ರಲ್ಲಿ ಮರಾಠರಿಗೆ, 1759ರಲ್ಲಿ ಮತ್ತೆ ಮೊಗಲರಿಗೆ, ಪುನಃ ಮರಾಠರ ಕೈಗೆ, 1761ರಲ್ಲಿ ಹೈದರಾಲಿಗೆ, 1766ರಲ್ಲಿ ಮತ್ತೆ ಮರಾಠರಿಗೆ, 1774ರಲ್ಲಿ ಟಿಪ್ಪುವಿನ ದಂಡಿಗೆ. ನೂರ ಮೂವತ್ತಾರು ವರ್ಷಗಳಲ್ಲಿ ಎಂಟು ಸಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಒಡೆಯರ ಮೈಸೂರಿಗೆ. ಇದರಲ್ಲಿ ಮುಸ್ಲಿಮರಿಂದ ಮುಸ್ಲಿಮರು ಕಸಿದದ್ದೂ ಇದೆ. 1766ರಲ್ಲಿ ಶಿರಾವನ್ನು ಮರಾಠರಿಗೆ ಒಪ್ಪಿಸಿದವನು ಹೈದರನ ಸ್ವಂತ ಭಾವಮೈದುನ ಮೀರ್ ಸಾಹೇಬ.

ಪಕ್ಕದ ಊರುಗಳ ಕಥೆಯೂ ಹೀಗೆಯೇ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನು ಅಲ್ಲಿನ ಗೌಡರಿಂದ 1678ರಲ್ಲಿ ಕಸಿದದ್ದು ಮೈಸೂರಿನ ಒಡೆಯರ ದಂಡು. ಮಿಡಿಗೇಶಿ ಮತ್ತು ಕೊರಟಗೆರೆ ಕಡೆಯ ಚನ್ನರಾಯನದುರ್ಗವೂ ಆಗಲೇ ಮೈಸೂರಿನ ವಶವಾದವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲ್ಲಿನ ರಾಣಿ ವೀರಮ್ಮಾಜಿ ಮತ್ತು ಆಕೆಯ ದತ್ತುಪುತ್ರನನ್ನು ತಂದು ಸೆರೆಯಿಟ್ಟದ್ದು ಮಧುಗಿರಿಯ ಬೆಟ್ಟದಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯರು ಬಂದು ಬಿಡಿಸಿದರು. ದಂಡು ಯಾವ ಬಾವುಟದ್ದಾದರೂ ಹೊಲ ತುಳಿದದ್ದು ಒಂದೇ ರೀತಿ. ಕೊಟ್ಟಿಗೆಯ ಎತ್ತು ಕಳೆದುಕೊಂಡ ರೈತನಿಗೆ ಎತ್ತು ಹಿಡಿದೊಯ್ದವನ ಮತ ಯಾವುದಾದರೇನು?

ಹನ್ನೆರಡು ಸಾವಿರ ಕುಟುಂಬಗಳು

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ಟಿಪ್ಪು ಸುಲ್ತಾನ್ ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರು. ಬ್ರಿಟಿಷರ ವಿರುದ್ಧ ಹೋರಾಡುತ್ತಲೇ ಪ್ರಾಣ ಕೊಟ್ಟ ಅರಸನಿಗೆ ಆ ಪ್ರೀತಿ ಸಲ್ಲತಕ್ಕದ್ದೇ. ಆದರೆ ಶ್ರೀರಂಗಪಟ್ಟಣದ ಹೊರಗೆ ಗಂಜಾಂ ಎಂಬ ಹೊಸ ಪೇಟೆಯನ್ನು ತುಂಬಿಸಲು ಟಿಪ್ಪು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಸಾಗಿಸಿದನೆಂಬುದೂ ದಾಖಲಾದ ಮಾತು. ರಾಜಧಾನಿಗೆ ಕುಶಲಕರ್ಮಿಗಳು ಬೇಕಿತ್ತು, ಶಿರಾದಲ್ಲಿ ಅವರಿದ್ದರು. ಅರಸನ ಲೆಕ್ಕ ಸರಿಯಿರಬಹುದು. ಮಗ್ಗ ಬಿಚ್ಚಿ ಗಾಡಿಗೆ ಹೇರಿದವನ ಲೆಕ್ಕ ಯಾರು ಬರೆದರು?

ಹೊರಟವರಲ್ಲಿ ಎಲ್ಲ ಜಾತಿ-ಮತದವರೂ ಇದ್ದಿರಲೇಬೇಕು. ಕೈಕಸುಬಿಗೆ ಜಾತಿ ಕೇಳುವ ಪುರುಸೊತ್ತು ಅರಸರಿಗಿರಲಿಲ್ಲ. ಅವರು ಹಿರಿಯರ ಗೋರಿ, ಸಮಾಧಿ, ಗುಡಿ, ಮಸೀದಿ, ಬಾವಿ, ಬಾಕಿ ಎಲ್ಲವನ್ನೂ ಶಿರಾದಲ್ಲೇ ಬಿಟ್ಟು ನಡೆದರು. ಇಂದು ಗಂಜಾಂ ಎಂದರೆ ಜನಕ್ಕೆ ಅಂಜೂರ ನೆನಪಾಗುತ್ತದೆ, ಗುಂಬಜ್ ನೆನಪಾಗುತ್ತದೆ. ಶಿರಾ ನೆನಪಾಗುವುದಿಲ್ಲ.

ಟಿಪ್ಪುವನ್ನು ಪ್ರೀತಿಸುತ್ತಲೇ ಇದನ್ನು ಹೇಳಬಹುದು, ಹೇಳಬೇಕು. ಅರಸನ ಹೆಸರು ನಮ್ಮ ಹೆಸರಿನಂತಿದೆ ಎಂಬ ಕಾರಣಕ್ಕೆ ಎತ್ತಂಗಡಿಯಾದ ನಮ್ಮದೇ ಜನರನ್ನು ಮರೆತರೆ, ನಾವು ಬರೆಯುವುದು ಸಮುದಾಯದ ಇತಿಹಾಸವಲ್ಲ, ಆಸ್ಥಾನದ ಹೊಗಳಿಕೆ.

ಉಳಿದದ್ದು ಏನು?

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದಾಗ ಕಂಡದ್ದು ಸೊರಗಿದ ಊರು. ಆದರೂ ಶಿರಾ ಅಳಿಯಲಿಲ್ಲ. ಹಿಂದೆ ಇಲ್ಲಿ ಅಚ್ಚೊತ್ತಿದ ಚೀಟಿ ಬಟ್ಟೆ ತಯಾರಾಗುತ್ತಿತ್ತು. ಅದು ನಿಂತ ಮೇಲೂ ಕುರುಬರ ಕಂಬಳಿ ಉಳಿಯಿತು, ಕಾಗದಪತ್ರಕ್ಕೆ ಮೊಹರು ಒತ್ತುವ ಅರಗಿನ ಕೆಲಸವೂ ಉಳಿಯಿತು. ಸುಬಾ ಹೋಗಿ ಬಹಳ ಕಾಲವಾದರೂ ಊರಿನವರು ಕೈಕೆಲಸ ಬಿಡಲಿಲ್ಲ.

ಇನ್ನೊಂದು ಉಳಿಕೆ ನಮ್ಮೆಲ್ಲರ ನಾಲಗೆಯ ಮೇಲಿದೆ. ಉರ್ದು ಮತ್ತು ಕನ್ನಡ ಎರಡರಲ್ಲೂ ಅಕ್ಷರ ಕಲಿತ ನಮಗೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದಾಗಲೆಲ್ಲ ಒಂದು ಸೋಜಿಗ. ಅರ್ಜಿ, ತಕರಾರು, ದಾಖಲೆ, ರುಜುವಾತು, ಜಾಮೀನು, ವಕೀಲ, ವಾರಸುದಾರ, ಬಾಕಿ, ವಸೂಲಿ, ಜಮಾಬಂದಿ, ಶಿರಸ್ತೇದಾರ, ತಹಸೀಲ್ದಾರ. ಹೊಲದ ಕಾಗದದಲ್ಲಿ ಬೇಸಾಯಕ್ಕೆ ಬಾರದ ನೆಲದ ಹೆಸರು ಇಂದಿಗೂ ಖರಾಬು. ಇವೆಲ್ಲ ಶಿರಾದಿಂದಲೇ ಬಂದವೆಂದು ಹೇಳಲಾಗದು. ಬಹಮನಿ, ಬಿಜಾಪುರ, ಮೊಗಲ್, ಮರಾಠಾ, ಮೈಸೂರು ಕಚೇರಿಗಳೆಲ್ಲ ಸೇರಿ ಇವನ್ನು ಹರಡಿದವು. ಆದರೆ ತೆಂಕಣ ಕರ್ನಾಟಕದಲ್ಲಿ ಪಾರ್ಸಿ ಲೆಕ್ಕದ ಗುಮಾಸ್ತ ಮತ್ತು ಕನ್ನಡದ ಶಾನುಭೋಗ ಒಂದೇ ಜಮಾ-ಖರ್ಚಿನ ಮುಂದೆ ಕುಳಿತ ಜಾಗಗಳಲ್ಲಿ ಶಿರಾ ಮುಖ್ಯವಾದದ್ದು. ಕನ್ನಡ ಆ ಮಾತುಗಳನ್ನು ತೆಗೆದುಕೊಂಡು ತನ್ನದಾಗಿಸಿಕೊಂಡಿತು. ಖರಾಬು ಜಮೀನಿನ ಬಗ್ಗೆ ತಕರಾರು ಅರ್ಜಿ ಬರೆಸುವ ರೈತ ತಾನು ಪರಭಾಷೆ ಆಡುತ್ತಿದ್ದೇನೆಂದು ಭಾವಿಸುವುದಿಲ್ಲ, ಭಾವಿಸಬೇಕಾಗಿಯೂ ಇಲ್ಲ.

ಕೊಡುಕೊಳ್ಳುವಿಕೆ ಒಂದೇ ಕಡೆಯದಲ್ಲ. ಈ ಸೀಮೆಯ ಮುಸ್ಲಿಂ ಮನೆಗಳ ದಖ್ಖನಿ ಉರ್ದುವಿನಲ್ಲಿ ಮುದ್ದೆ ಮುದ್ದೆಯೇ. ಅದಕ್ಕೆ ದೆಹಲಿಯಿಂದಾಗಲೀ ಲಖನೌದಿಂದಾಗಲೀ ಹೆಸರು ಬರಲಿಲ್ಲ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಲ್ಲಂತೂ ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚೌಕಾಸಿ ನಡೆಯುತ್ತದೆ. ಮೊಹರಂ ಇಲ್ಲಿನ ಹಳ್ಳಿಗರ ಬಾಯಲ್ಲಿ ಬಾಬಯ್ಯನ ಹಬ್ಬವಾಯಿತು. ಇದೇ ಶಿರಾ ತಾಲ್ಲೂಕಿನ ಕಾಡುಗೊಲ್ಲರು ಜುಂಜಪ್ಪನ ಕಾವ್ಯವನ್ನು ಹಾಡಿ ಉಳಿಸಿಕೊಂಡವರು. ಒಂದು ನೆಲದ ನೆನಪು ಎಂದರೆ ಇವೆಲ್ಲವೂ ಸೇರಿದ್ದು.

ಬರೆಯಬೇಕಾದ ಇತಿಹಾಸ

ಇಂದು ಶಿರಾದ ಮುಸ್ಲಿಮರ ಮುಂದೆ ಎರಡು ಕಥೆಗಳನ್ನು ಇಡಲಾಗುತ್ತಿದೆ. ನಿಮ್ಮವರು ಹೊರಗಿನಿಂದ ಬಂದ ದಾಳಿಕೋರರು ಎನ್ನುತ್ತದೆ ಒಂದು. ನಿಮ್ಮವರು ಆಳಿದ ನವಾಬರು ಎಂದು ಬೆನ್ನು ತಟ್ಟುತ್ತದೆ ಇನ್ನೊಂದು. ಒಂದು ಅವಮಾನ, ಇನ್ನೊಂದು ಜಂಬ. ಎರಡರಲ್ಲೂ ಗುಜರಿ ವ್ಯಾಪಾರಿ, ಗ್ಯಾರೇಜಿನ ಹುಡುಗ, ಹಣ್ಣಿನ ಗಾಡಿಯವನು, ಬೀಡಿ ಕಟ್ಟುವ ಹೆಣ್ಣುಮಗಳು ಇಲ್ಲ. ಇವರ ಮುತ್ತಾತಂದಿರು ಸುಬೇದಾರರಾಗಿರಲಿಲ್ಲ. ಒಡೆಯರು ಬದಲಾದಾಗಲೆಲ್ಲ ಬಾಗಿಲು ಹಾಕಿಕೊಂಡು ಕುಳಿತು, ದಂಡು ಹೋದ ಮೇಲೆ ಬಾಗಿಲು ತೆರೆದು ಕೆಲಸಕ್ಕೆ ಕುಳಿತವರು ಅವರು. ಅವರ ಪಕ್ಕದ ಮನೆಯವನೂ ಹಾಗೆಯೇ ಬದುಕಿದವನು. ಈ ಊರಿನ ಮೇಲೆ ಅವರಿಗಿರುವ ಹಕ್ಕು ಮಲಿಕ್ ರಿಹಾನನಿಂದ ಬಂದದ್ದಲ್ಲ, ದುಡಿಮೆಯಿಂದ ಬಂದದ್ದು.

ಈ ಇತಿಹಾಸವನ್ನು ಬರೆಯಲು ದೊಡ್ಡ ವಿದ್ವಾಂಸರೇ ಬರಬೇಕಾಗಿಲ್ಲ. ಹಳೆಯ ಖಬರಸ್ತಾನಗಳ ಕಲ್ಲಿನ ಮೇಲಿನ ಬರಹವನ್ನು ಮಳೆ-ಗಾಳಿ ಅಳಿಸುವ ಮೊದಲು ಯಾರಾದರೂ ಪ್ರತಿ ಮಾಡಿಕೊಳ್ಳಬೇಕು. ಟ್ರಂಕಿನ ತಳದಲ್ಲಿ ಮಡಿಸಿಟ್ಟ ಕ್ರಯಪತ್ರ, ಇನಾಮಿನ ಕಾಗದ, ನಿಕಾಹ್‌ನಾಮೆಗಳನ್ನು ಗೆದ್ದಲಿಗೆ ಬಿಡಬಾರದು. ಮೊಹಲ್ಲಾಗಳ ಹೆಸರು ಯಾಕೆ ಬಂತು, ಯಾವ ಬಾವಿಯನ್ನು ಯಾರು ತೋಡಿಸಿದರು, ಯಾವ ಮನೆತನ ಯಾವ ಕಸುಬು ಮಾಡುತ್ತಿತ್ತು ಎಂದು ಅಜ್ಜ-ಅಜ್ಜಿಯರನ್ನು ಕೇಳಿ ಬರೆದಿಡಬೇಕು. ಊರಿನ ಶಾಲೆಗಳ ಮೇಷ್ಟ್ರುಗಳು ಉರ್ದು ಶಾಲೆಯ ಮಕ್ಕಳನ್ನೂ ಕನ್ನಡ ಶಾಲೆಯ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಒಂದು ದಿನ ಕೋಟೆ, ಜುಮ್ಮಾ ಮಸೀದಿ, ದರ್ಗಾ ತೋರಿಸಿ ಬರಲಿ. ರಂಗಪ್ಪ ನಾಯಕನ ಸಾವನ್ನೂ ಹೇಳಲಿ, ಗಂಜಾಮಿಗೆ ಹೊರಟ ಗಾಡಿಗಳ ಕಥೆಯನ್ನೂ ಹೇಳಲಿ.

ಪಾವಗಡದ ತಿರುಮಣಿ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಸೌರ ಫಲಕಗಳು ಹರಡಿವೆ. 2,050 ಮೆಗಾವಾಟ್ ವಿದ್ಯುತ್ತಿನ ಸ್ಥಾವರ ಅದು. ಹೆದ್ದಾರಿ ಅಗಲವಾಗಿದೆ, ಬೆಂಗಳೂರು ಹತ್ತಿರವಾಗಿದೆ. ಈ ಸೀಮೆಯ ಮುಖ ನಮ್ಮ ಕಣ್ಣೆದುರಿಗೇ ಬದಲಾಗುತ್ತಿದೆ. ನಾಳೆ ಯಾರಾದರೂ ಶಿರಾದ ಹುಡುಗನನ್ನು ನೀನು ಎಲ್ಲಿಯವನು ಎಂದು ಕೇಳಿದರೆ, ಅವನು ಸಿಟ್ಟಾಗದೆ, ಜಂಬವೂ ಪಡದೆ, ತನ್ನ ಬೀದಿಯ ಕಥೆಯನ್ನು ಕನ್ನಡದಲ್ಲಿ ಹೇಳುವಂತಾಗಬೇಕು. ಅಷ್ಟನ್ನು ಅವನ ಕೈಗೆ ಬರೆದುಕೊಡುವ ಕೆಲಸ ನಮ್ಮ ತಲೆಮಾರಿನದು.